ತುಪ್ಪ ಒಗ್ಗದ ಮಗು: ಕರುಳಿನ ಒಂದು ವಿರಳ ರೋಗ ಮತ್ತು ನಮ್ಮ ಮನೆಯ ಅಡುಗೆ

ಕೃಶವಾದ ಮಗುವನ್ನು ಕಂಡರೆ ನಮ್ಮ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು “ತುಪ್ಪ ಹಾಕಿ ಉಣಿಸಿರಿ” ಎಂಬುದೇ. ಭಾಲ್ಕಿ, ಔರಾದ, ಬೀದರ ಕಡೆಯ ಯಾವ ಊರಿಗೆ ಹೋದರೂ, ಖಟಕ ಚಿಂಚೋಳಿಯಂತಹ ಹೋಬಳಿ ಗ್ರಾಮದ ಎಮ್ಮೆ ಕಟ್ಟಿದ ಮನೆಗಳಲ್ಲಂತೂ, ಈ ಮಾತು ಕೇಳದಿರುವುದಿಲ್ಲ. ತಲೆತಲಾಂತರದಿಂದ ಬಂದ ಈ ತಿಳಿವಳಿಕೆ ಬಹುಪಾಲು ಮಕ್ಕಳ ವಿಷಯದಲ್ಲಿ ಸರಿಯಾದುದೇ ಆಗಿದೆ. ಆದರೆ ಅತಿ ವಿರಳವಾಗಿ ಒಂದು ಮಗು ಹುಟ್ಟುವುದುಂಟು. ಅದಕ್ಕೆ ಇದೇ ತುಪ್ಪ, ಇದೇ ಕೆನೆಹಾಲು, ಇದೇ ಶೇಂಗಾ ಹಿಂಡಿ ಒಳಗಿನಿಂದ ಹಾನಿಮಾಡುತ್ತವೆ. ತಾಯಿ ಅಕ್ಕರೆಯಿಂದ ಹೆಚ್ಚು ಬಡಿಸಿದಷ್ಟೂ ಮಗು ಇನ್ನಷ್ಟು ಬಾಡುತ್ತದೆ, ಕಾಲುಗಳು ಊದುತ್ತವೆ, ಹೊಟ್ಟೆ ಉಬ್ಬುತ್ತದೆ, ಭೇದಿ ನಿಲ್ಲುವುದಿಲ್ಲ. ಈ ರೋಗಕ್ಕೆ ವೈದ್ಯರು ಕರುಳಿನ ದುಗ್ಧನಾಳಗಳ ಹಿಗ್ಗುವಿಕೆ ಎನ್ನುತ್ತಾರೆ. ಅವರ ಭಾಷೆಯಲ್ಲಿ ಇದು ಇಂಟೆಸ್ಟೈನಲ್ ಲಿಂಫಾಂಜಿಯೆಕ್ಟೇಸಿಯಾ. ಹೆಸರು ಉಚ್ಚರಿಸಲು ಕಠಿಣವಾದರೂ ಇದರ ಮುಖ್ಯ ಚಿಕಿತ್ಸೆ ನಡೆಯುವುದು ಅಡುಗೆಮನೆಯಲ್ಲಿ. ಆದ್ದರಿಂದಲೇ ಕುಟುಂಬಗಳು ಓದುವ ಈ ಪುಟಗಳಲ್ಲಿ ಇದರ ವಿಚಾರ ಬರುವುದು ಉಚಿತವೆನಿಸಿತು.

ದೇಹದಲ್ಲಿ ರಕ್ತನಾಳಗಳಲ್ಲದೆ ಇನ್ನೊಂದು ನಾಳಜಾಲವಿದೆ. ಅಂಗಾಂಶಗಳಲ್ಲಿ ಸೋರಿ ನಿಂತ ದ್ರವವನ್ನು ಕೂಡಿಸಿಕೊಂಡು ಮತ್ತೆ ರಕ್ತಕ್ಕೆ ಮುಟ್ಟಿಸುವುದು ಅದರ ಕೆಲಸ. ಈ ದ್ರವವೇ ದುಗ್ಧರಸ. ಬೀದರದ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿಯನ್ನು ನೋಡಿದವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಸುಲಭ. ನೆಲದ ಮೇಲೆ ಏನೂ ಕಾಣದು, ಆದರೆ ಕಲ್ಲಿನೊಳಗೆ ಕೊರೆದ ಕಾಲುವೆಯಲ್ಲಿ ಬಸಿದ ನೀರು ಮೆಲ್ಲಗೆ ಊರಿನತ್ತ ಹರಿಯುತ್ತಿರುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಕೂದಲಿನಂತೆ ಎದ್ದು ನಿಂತ ರಸಾಂಕುರಗಳಿವೆ. ಪ್ರತಿಯೊಂದರ ನಡುವೆಯೂ ಇಂತಹ ಒಂದು ಸೂಕ್ಷ್ಮ ಕಾಲುವೆಯಿದೆ. ನಾವು ಉಂಡ ಅನ್ನ ಸಕ್ಕರೆಯಾಗಿ, ಬೇಳೆ ಅಮೈನೋ ಆಮ್ಲಗಳಾಗಿ ನೇರವಾಗಿ ರಕ್ತಕ್ಕೆ ಸೇರುತ್ತವೆ. ಜಿಡ್ಡು ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ. ತುಪ್ಪ, ಎಣ್ಣೆ, ಕೆನೆಗಳಲ್ಲಿನ ಉದ್ದ ಸರಪಣಿಯ ಕೊಬ್ಬು ಸಣ್ಣ ಹನಿಗಳಾಗಿ ಈ ದುಗ್ಧನಾಳಗಳನ್ನೇ ಹೊಗುತ್ತದೆ. ಊಟವಾದ ಮೇಲೆ ಈ ನಾಳಗಳು ಹಾಲು ತುಂಬಿದಂತೆ ಬೆಳ್ಳಗಾಗುತ್ತವೆ.

ಇಟಲಿಯ ಶಸ್ತ್ರವೈದ್ಯ ಗ್ಯಾಸ್ಪರೆ ಅಸೆಲ್ಲಿ 1622ರಲ್ಲಿ ಇದನ್ನು ಮೊದಲು ಗುರುತಿಸಿದನು. ಆಗತಾನೆ ತಿಂದಿದ್ದ ನಾಯಿಯೊಂದರ ಹೊಟ್ಟೆಯನ್ನು ತೆರೆದಾಗ ಕರುಳಿನ ಸುತ್ತ ಬಿಳಿಯ ದಾರಗಳು ಕಂಡವು. ನರಗಳೆಂದು ಬಗೆದು ಒಂದನ್ನು ಕತ್ತರಿಸಿದರೆ ಹಾಲಿನಂತಹ ದ್ರವ ಒಸರಿತು. ಹಸಿದ ಪ್ರಾಣಿಯಲ್ಲಿ ಆ ದಾರಗಳು ಕಾಣಿಸುವುದಿಲ್ಲವೆಂಬುದೂ ಅವನಿಗೆ ತಿಳಿದುಬಂದಿತು. ಉಂಡಾಗ ತುಂಬಿ, ಹಸಿದಾಗ ಬರಿದಾಗುವ ನಾಳ ಎಂಬ ಈ ಒಂದು ಸಂಗತಿಯಲ್ಲಿಯೇ ಮುಂದಿನ ಚಿಕಿತ್ಸೆಯ ಬೀಜವಿತ್ತೆನ್ನಬಹುದು, ಅದು ಮೊಳೆಯಲು ಮಾತ್ರ ಮೂರು ಶತಮಾನಗಳು ಬೇಕಾದವು.

ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ನಾಳಗಳ ರಚನೆ ನೆಟ್ಟಗಿರುವುದಿಲ್ಲ. ಮುಂದಿನ ದಾರಿ ಕಿರಿದಾಗಿ ಇಲ್ಲವೆ ಮುಚ್ಚಿಹೋಗಿ, ಹಿಂದಿನ ಭಾಗ ಉಬ್ಬಿಕೊಂಡಿರುತ್ತದೆ. ಜಿಡ್ಡಿನ ಊಟ ಮಾಡಿದಾಗಲೆಲ್ಲ ದುಗ್ಧರಸದ ಪ್ರವಾಹ ಏರುತ್ತದೆ. ಹೋಗಲು ದಾರಿಯಿಲ್ಲದೆ ಒತ್ತಡ ಹೆಚ್ಚಿ, ನಾಳ ಸೀಳಿ, ರಸ ಕರುಳಿನೊಳಗೇ ಸುರಿದುಹೋಗುತ್ತದೆ. ಆ ರಸದಲ್ಲಿ ಕೊಬ್ಬು ಮಾತ್ರವಲ್ಲದೆ ರಕ್ತದ ಸಸಾರಜನಕ, ಅದರಲ್ಲಿಯೂ ಆಲ್ಬುಮಿನ್, ರೋಗನಿರೋಧಕ ಪ್ರತಿಕಾಯಗಳು, ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಇರುತ್ತವೆ. ಆಲ್ಬುಮಿನ್ ಇಳಿದರೆ ರಕ್ತನಾಳಗಳು ನೀರನ್ನು ಹಿಡಿದಿಡಲಾರವು; ಕಾಲು, ಮುಖ, ಹೊಟ್ಟೆಗಳಲ್ಲಿ ಬಾವು ಕಾಣಿಸಿಕೊಳ್ಳುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಥಾಮಸ್ ವಾಲ್ಡ್‌ಮನ್ ಮತ್ತು ಅವರ ಸಂಗಡಿಗರು 1961ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಅಲ್ಲಿಯವರೆಗೆ ‘ಕಾರಣ ತಿಳಿಯದ ಸಸಾರಜನಕ ಕೊರತೆ’ ಎಂದು ಬರೆದು ಕೈಬಿಡಲಾಗುತ್ತಿದ್ದ ರೋಗಿಗಳಲ್ಲಿ ಸಸಾರಜನಕವು ಕರುಳಿನ ಮೂಲಕ ಸೋರಿಹೋಗುತ್ತಿದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಆದಕಾರಣ ಇದಕ್ಕೆ ವಾಲ್ಡ್‌ಮನ್ ರೋಗವೆಂಬ ಹೆಸರೂ ಇದೆ.

ನಮ್ಮ ಭಾಗದವರಿಗೆ ದುಗ್ಧನಾಳ ಕೆಟ್ಟರೆ ಏನಾಗುತ್ತದೆ ಎಂಬುದು ಹೊಸದೇನಲ್ಲ. ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳು ಆನೆಕಾಲು ರೋಗದ ಜಿಲ್ಲೆಗಳೆಂದು ಗುರುತಿಸಲ್ಪಟ್ಟು, ಮನೆಮನೆಗೆ ಬಂದು ಗುಳಿಗೆ ನುಂಗಿಸುವ ಕಾರ್ಯಕ್ರಮಗಳು ಇಲ್ಲಿ ನಡೆದಿವೆ. ಅಲ್ಲಿ ಹುಳು ಸೇರಿ ಕಾಲಿನ ನಾಳಗಳು ಕೆಡುತ್ತವೆ. ಇಲ್ಲಿ ಹುಳುವೂ ಇಲ್ಲ, ಸೊಳ್ಳೆಯೂ ಇಲ್ಲ; ಕೆಟ್ಟಿರುವುದು ಕರುಳಿನ ನಾಳಗಳು, ಅದೂ ತಾಯಿಯ ಗರ್ಭದಲ್ಲಿಯೇ. ತಾಯಿ ಬಸಿರಿಯಾಗಿದ್ದಾಗ ತಿಂದುದರಿಂದ ಅಥವಾ ಬಿಟ್ಟುದರಿಂದ ಇದು ಬಂತೆಂದು ಹೇಳಲು ಯಾವ ಆಧಾರವೂ ಇಲ್ಲ. ಸೊಸೆಯನ್ನು ದೂರುವ ಬಾಯಿಗಳು ಎಲ್ಲ ಊರುಗಳಲ್ಲಿಯೂ ಇರುವುದರಿಂದ ಈ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.

ರೋಗಲಕ್ಷಣಗಳು ಬಹುಮಟ್ಟಿಗೆ ಮೂರು ವರ್ಷದೊಳಗೇ ತೋರುತ್ತವೆ. ಎರಡೂ ಕಾಲುಗಳಲ್ಲಿ ಬಾವು, ಕೆಲವೊಮ್ಮೆ ಒಂದೇ ಕಾಲಿನಲ್ಲಿ ಅಥವಾ ಒಂದೇ ಕೈಯಲ್ಲಿ, ಬಹುದಿನದ ಭೇದಿ, ಹೊಟ್ಟೆಯಲ್ಲಿ, ಎದೆಗೂಡಿನಲ್ಲಿ ನೀರು ತುಂಬುವುದು, ತೂಕ ಏರದಿರುವುದು. ಸುಣ್ಣದ ಅಂಶ ಇಳಿದರೆ ಕೈಬೆರಳುಗಳು ಸೆಟೆದುಕೊಂಡು ಸೆಳವು ಬರುವುದೂ ಉಂಟು. ಇಂತಹ ಮಗುವನ್ನು ನೋಡಿದವರು ಮೊದಲು ಅಪೌಷ್ಟಿಕತೆಯೆನ್ನುತ್ತಾರೆ, ಇಲ್ಲವೆ ಜಂತುಹುಳುವೆನ್ನುತ್ತಾರೆ, ಇಲ್ಲವೆ ಮೂತ್ರಪಿಂಡದ ರೋಗವೆನ್ನುತ್ತಾರೆ. ಹೆಚ್ಚಾಗಿ ಕಾಣುವುದು ಅವೇ ಆಗಿರುವುದರಿಂದ ಹಾಗೆ ಎಣಿಸುವುದು ತಪ್ಪಲ್ಲ. ಆದರೆ ಮೂತ್ರಪರೀಕ್ಷೆಯಲ್ಲಿ ಸಸಾರಜನಕ ಹೋಗುತ್ತಿಲ್ಲ, ಯಕೃತ್ತು ಸರಿಯಾಗಿದೆ, ಆದರೂ ರಕ್ತದಲ್ಲಿ ಆಲ್ಬುಮಿನ್ ಇಲ್ಲ, ಲಿಂಫೋಸೈಟುಗಳೂ ಕಡಿಮೆ ಎಂದು ಕಂಡುಬಂದರೆ ಕರುಳಿನತ್ತ ನೋಡಬೇಕಾಗುತ್ತದೆ. ಸಣ್ಣ ಕ್ಯಾಮೆರಾ ಉಳ್ಳ ನಳಿಕೆಯನ್ನು ಬಾಯಿಯ ಮೂಲಕ ಇಳಿಸಿ ನೋಡಿದಾಗ ಕರುಳಿನ ಗೋಡೆಯ ಮೇಲೆ ಹಿಂಜಿದ ಹತ್ತಿ ಉದುರಿದಂತೆ ಬಿಳಿಯ ಚುಕ್ಕೆಗಳು ಕಾಣುತ್ತವೆ. ಅಲ್ಲಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ನಿಶ್ಚಯಿಸುತ್ತಾರೆ. ಕ್ಷಯ, ಹೃದಯಕವಚದ ಬಿಗಿತ, ಕೆಲವು ಬಗೆಯ ಅರ್ಬುದಗಳಿಂದಲೂ ಇದೇ ಪರಿಸ್ಥಿತಿ ಉಂಟಾಗಬಹುದಾದ್ದರಿಂದ ಅವು ಇಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳುತ್ತಾರೆ.

ಹೀಗಾಗಿ ಬೀದರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮಕ್ಕಳ ವಿಭಾಗದಲ್ಲಿ ಮೊದಲು ತೋರಿಸಿ, ಅಲ್ಲಿನ ವೈದ್ಯರು ಬರೆದುಕೊಟ್ಟರೆ ಹೈದರಾಬಾದಿನ ನಿಲೋಫರ್ ಆಸ್ಪತ್ರೆಯಂತಹ, ಅಥವಾ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ ದೊಡ್ಡ ಮಕ್ಕಳ ಆಸ್ಪತ್ರೆಗೆ ಹೋಗಬೇಕಾಗುವುದು. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಇಂತಹ ಮಗುವನ್ನು ತೋರಿಸಬಹುದು. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದ ಉದ್ದೇಶವೇ ಮಕ್ಕಳ ಹುಟ್ಟುದೋಷ, ಕೊರತೆ, ರೋಗಗಳನ್ನು ಬೇಗ ಗುರುತಿಸಿ ಮುಂದಿನ ಆಸ್ಪತ್ರೆಗೆ ಕಳುಹಿಸುವುದು.

ಇನ್ನು ಚಿಕಿತ್ಸೆಯ ವಿಷಯ. ಜಿಡ್ಡು ಬಂದಾಗ ಮಾತ್ರ ನಾಳ ಉಬ್ಬುವುದಾದರೆ ಜಿಡ್ಡನ್ನು ನಿಲ್ಲಿಸಬೇಕು. ಆದರೆ ಪೂರ್ತಿ ನಿಲ್ಲಿಸಿದರೆ ಬೆಳೆಯುವ ಮಗುವಿಗೆ ಶಕ್ತಿ ಸಾಲದು. ಈ ಗಂಟನ್ನು ಬಿಡಿಸಿದ್ದು ಮಧ್ಯಮ ಸರಪಣಿಯ ಕೊಬ್ಬು. ವೈದ್ಯರು ಎಂಸಿಟಿ ಎಂದು ಕರೆಯುವ ಈ ಎಣ್ಣೆಯ ಕಣಗಳು ಚಿಕ್ಕವು. ಅವು ದುಗ್ಧನಾಳವನ್ನು ಹೊಗದೆ, ಅನ್ನದ ಸಕ್ಕರೆಯಂತೆ ನೇರವಾಗಿ ರಕ್ತ ಸೇರಿ ಯಕೃತ್ತನ್ನು ಮುಟ್ಟುತ್ತವೆ. ಪೀಟರ್ ಹೋಲ್ಟ್ ಎಂಬ ಅಮೆರಿಕದ ವೈದ್ಯರು 1964ರಲ್ಲಿಯೇ ಊಟದಿಂದ ಉದ್ದ ಸರಪಣಿಯ ಕೊಬ್ಬನ್ನು ತೆಗೆದರೆ ಆಲ್ಬುಮಿನ್ ಸೋರಿಕೆಯ ಮೇಲೆ ಆಗುವ ಪರಿಣಾಮವನ್ನು ಕುರಿತು ಬರೆದರು. 2009ರಲ್ಲಿ ಬ್ರಿಟನ್ನಿನ ವೈದ್ಯರು ಅದುವರೆಗೆ ಪ್ರಕಟವಾಗಿದ್ದ 55 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಎಂಸಿಟಿ ಆಹಾರ ಪಡೆದ 27 ಮಂದಿಯಲ್ಲಿ 17 ಮಂದಿಯ ಲಕ್ಷಣಗಳು ಪೂರ್ತಿ ಶಮನವಾಗಿದ್ದವು, ಒಬ್ಬರು ತೀರಿಕೊಂಡಿದ್ದರು. ಅದನ್ನು ಪಡೆಯದ 28 ಮಂದಿಯಲ್ಲಿ ಶಮನವಾದವರು 10, ತೀರಿಕೊಂಡವರು 5. ಬೇರೆ ಬೇರೆ ಕಡೆಯ ವರದಿಗಳನ್ನು ಕೂಡಿಸಿದ ಲೆಕ್ಕವಿದು, ಕಟ್ಟುನಿಟ್ಟಿನ ಪ್ರಯೋಗವಲ್ಲ. ಆದರೂ ವಿರಳ ರೋಗಗಳಲ್ಲಿ ಇಷ್ಟು ಆಧಾರ ಸಿಗುವುದೇ ದೊಡ್ಡದು. ನಮ್ಮ ದೇಶದಲ್ಲಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು ತಾವು ನೋಡಿದ ಇಂತಹ ಮಕ್ಕಳ ಚಿಕಿತ್ಸೆಯ ಅನುಭವವನ್ನು 2019ರಲ್ಲಿ ಪ್ರಕಟಿಸಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಂಸಿಟಿಯನ್ನು ತೆಂಗಿನೆಣ್ಣೆಯಿಂದ ತೆಗೆಯುತ್ತಾರೆ ಎಂದು ಕೇಳಿದ ಕೆಲವರು, ದುಬಾರಿ ಬಾಟಲಿಯ ಬದಲು ತೆಂಗಿನೆಣ್ಣೆಯನ್ನೇ ಕೊಟ್ಟರಾಯಿತೆಂದು ಭಾವಿಸುತ್ತಾರೆ. ಇದು ಸರಿಯಲ್ಲ. ತೆಂಗಿನೆಣ್ಣೆಯಲ್ಲಿ ನಮಗೆ ಬೇಕಾದ ಆ ಎರಡು ಸಣ್ಣ ಆಮ್ಲಗಳ ಪಾಲು ನೂರಕ್ಕೆ ಹದಿನೈದರ ಆಸುಪಾಸು ಮಾತ್ರ. ಅರ್ಧದಷ್ಟಿರುವ ಲಾರಿಕ್ ಆಮ್ಲವೂ, ಉಳಿದ ಉದ್ದ ಸರಪಣಿಯ ಆಮ್ಲಗಳೂ ಬಹುಪಾಲು ದುಗ್ಧನಾಳದ ದಾರಿಯನ್ನೇ ಹಿಡಿಯುತ್ತವೆ. ಎಂಸಿಟಿ ಎಣ್ಣೆಯನ್ನು ಕೂಡ ಒಮ್ಮೆಲೇ ಹೆಚ್ಚು ಕೊಟ್ಟರೆ ಹೊಟ್ಟೆ ನುಲಿದು ಭೇದಿಯಾಗುತ್ತದೆ. ಚಮಚೆಯ ಭಾಗದಿಂದ ಆರಂಭಿಸಿ ವೈದ್ಯರು ಹೇಳಿದಂತೆ ಏರಿಸುತ್ತ ಹೋಗಬೇಕು. ಬಾಣಲೆಯಲ್ಲಿ ಕರಿಯಲು ಅದು ಬರುವುದಿಲ್ಲ, ಬೇಗ ಹೊಗೆಯೇಳುತ್ತದೆ. ಬೆಂದ ಬೇಳೆಯ ಮೇಲೆ, ಮುರಿದ ರೊಟ್ಟಿಯ ಮೇಲೆ ಹಾಕಿ ಕಲಸಿಕೊಡುವುದು ವಾಡಿಕೆ.

ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಸೋರಿಹೋದ ಸಸಾರಜನಕವನ್ನು ತುಂಬಲು ಪುಸ್ತಕಗಳು ಮೊಟ್ಟೆಯ ಬಿಳಿಯ ಭಾಗ, ಜಿಡ್ಡಿಲ್ಲದ ಮಾಂಸ, ಮೀನುಗಳನ್ನು ಹೇಳುತ್ತವೆ. ಶರಣ ಧರ್ಮದ ಮನೆಯಲ್ಲಿ ಅದು ಸಾಧ್ಯವಿಲ್ಲ. ಹಾಗಾದರೆ ನಮ್ಮ ಮಗು ಹಿಂದುಳಿಯಬೇಕೆ? ಲೆಕ್ಕ ಹಾಕಿ ನೋಡೋಣ. ಐದು ವರ್ಷದ ಮಗು ದಿನಕ್ಕೆ 100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ತಿಂದರೆ ಸುಮಾರು 10 ಗ್ರಾಂ ಸಸಾರಜನಕ, 2 ಗ್ರಾಂ ಒಳಗಿನ ಕೊಬ್ಬು. 50 ಗ್ರಾಂ ತೊಗರಿಬೇಳೆಯಿಂದ 11 ಗ್ರಾಂ ಸಸಾರಜನಕ, ಕೊಬ್ಬು ಒಂದು ಗ್ರಾಮಿಗಿಂತ ಕಡಿಮೆ. 30 ಗ್ರಾಂ ಕೆನೆರಹಿತ ಹಾಲಿನ ಪುಡಿಯಿಂದ ಮತ್ತೆ 11 ಗ್ರಾಂ, ಕೊಬ್ಬು ಇಲ್ಲವೆನ್ನುವಷ್ಟು. ಒಟ್ಟು 32 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಾಲ್ಕರಿಂದ ಆರು ವರ್ಷದ ಆರೋಗ್ಯವಂತ ಮಗುವಿಗೆ ಹೇಳಿರುವುದು ಸುಮಾರು 16 ಗ್ರಾಂ. ಅಂದರೆ ನಮ್ಮ ಹೊಲದ ಜೋಳ, ತೊಗರಿ, ಕೆನೆ ತೆಗೆದ ಹಾಲು ಇವು ಮೂರೇ ಅದರ ಎರಡರಷ್ಟನ್ನು ಒದಗಿಸುತ್ತವೆ. ಕೊರತೆ ಬೀಳುವುದು ಶಕ್ತಿಯಲ್ಲಿ. ಅದಕ್ಕಾಗಿ ಅನ್ನ, ಬಾಳೆಹಣ್ಣು, ಬಟಾಟೆ, ಬೆಲ್ಲ, ಮತ್ತು ಮೇಲೆ ಹೇಳಿದ ಎಂಸಿಟಿ ಎಣ್ಣೆ.

ಭಾಲ್ಕಿ, ಔರಾದ ತಾಲ್ಲೂಕುಗಳ ಹೊಲಗಳಲ್ಲಿ ಈಗ ಸೋಯಾಬೀನ್ ತುಂಬಿದೆ. ಕಾಳಿನಲ್ಲಿ ಐದನೆಯ ಒಂದು ಪಾಲು ಎಣ್ಣೆಯಿರುವುದರಿಂದ ಈ ಮಗುವಿಗೆ ಅದನ್ನು ಹಾಗೆಯೇ ಕೊಡಲಾಗದು. ಆದರೆ ಗಿರಣಿಯಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟಿನಿಂದ ಮಾಡಿದ ಸೋಯಾ ತುಂಡುಗಳಲ್ಲಿ ನೂರಕ್ಕೆ ಐವತ್ತರಷ್ಟು ಸಸಾರಜನಕ, ಕೊಬ್ಬು ಅತ್ಯಲ್ಪ. ರೈತರಾದ ನಾವು ಬೆಳೆದು ಮಾರಿದ ಕಾಳು ಪೊಟ್ಟಣವಾಗಿ ಮರಳಿ ನಮ್ಮ ಅಂಗಡಿಗೇ ಬರುವುದು ವಿಚಿತ್ರವೆನಿಸಿದರೂ, ಇಂತಹ ಮಗುವುಳ್ಳ ಮನೆಗೆ ಅದು ಉಪಕಾರಿ.

ಬಿಡಬೇಕಾದುವುಗಳಲ್ಲಿ ತುಪ್ಪ, ಬೆಣ್ಣೆ, ಕೆನೆ, ಖೋವಾ, ಕರಿದ ಪದಾರ್ಥಗಳು ಎಲ್ಲರಿಗೂ ಹೊಳೆಯುತ್ತವೆ. ಮರೆತುಹೋಗುವುದು ಹಿಂಡಿಗಳು. ಶೇಂಗಾದಲ್ಲಿ ನೂರಕ್ಕೆ 40, ಎಳ್ಳಿನಲ್ಲಿ 43, ಗುರೆಳ್ಳು, ಅಗಸಿಗಳಲ್ಲಿಯೂ ಅದರ ಆಸುಪಾಸು ಕೊಬ್ಬಿದೆ. ಒಂದು ಮುಷ್ಟಿ ಶೇಂಗಾ ಎರಡು ಚಮಚೆ ತುಪ್ಪಕ್ಕೆ ಸಮ. ಎಮ್ಮೆಯ ಹಾಲು ಹಸುವಿನ ಹಾಲಿಗಿಂತ ಹೆಚ್ಚು ಜಿಡ್ಡಿನದು. ಮನೆಯಲ್ಲಿ ಕಡೆದ ಮಜ್ಜಿಗೆಯಲ್ಲಿಯೂ ಬೆಣ್ಣೆಯ ಕಣಗಳು ಉಳಿಯುತ್ತವೆ. ಆದ್ದರಿಂದ ಕೆನೆರಹಿತ ಹಾಲಿನ ಪುಡಿಯಿಂದ ಹೆಪ್ಪು ಹಾಕಿದ ಮೊಸರೇ ಉತ್ತಮ. ಹಾಗೆಂದು ಎಣ್ಣೆಯನ್ನು ಶೂನ್ಯಕ್ಕಿಳಿಸಬಾರದು. ದೇಹವು ತಾನೇ ತಯಾರಿಸಲಾರದ ಕೆಲವು ಕೊಬ್ಬಿನ ಆಮ್ಲಗಳು ಎಂಸಿಟಿಯಲ್ಲಿ ಇರುವುದಿಲ್ಲ. ಅವುಗಳಲ್ಲೊಂದಾದ ಲಿನೋಲೆಯಿಕ್ ಆಮ್ಲ ನಮ್ಮ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟಿದೆ. ವೈದ್ಯರು ಅಳೆದು ಹೇಳಿದಷ್ಟು ಹನಿ ಕುಸುಬಿ ಎಣ್ಣೆ ಆ ಕೊರತೆಯನ್ನು ತುಂಬುತ್ತದೆ. ಜಿಡ್ಡಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳನ್ನೂ ಸುಣ್ಣದಂಶವನ್ನೂ ಔಷಧಿಯ ರೂಪದಲ್ಲಿ ಕೊಡಬೇಕಾಗುತ್ತದೆ. ಎದೆಹಾಲು ಕುಡಿಯುವ ಕೂಸಿನಲ್ಲಿ ರೋಗ ಕಂಡರೆ ತಾಯಿ ತಾನಾಗಿ ಹಾಲು ಬಿಡಿಸಬಾರದು. ಎಂಸಿಟಿ ಬೆರೆಸಿದ ಹಾಲಿನ ಪುಡಿಯನ್ನು ಎಷ್ಟು, ಹೇಗೆ ಎಂಬುದನ್ನು ತಜ್ಞರೇ ಹೇಳಬೇಕು.

ಮಠದ ಜಾತ್ರೆ, ದಾಸೋಹಗಳ ವಿಷಯ ಬಂದಾಗ ಹಿರಿಯರಿಗೆ ಸಂಕಟವಾಗುವುದು ಸಹಜ. ಹುಗ್ಗಿಯ ಮೇಲೆ ತುಪ್ಪ ಬಡಿಸುತ್ತ ಬರುವಾಗ ಮಗುವಿನ ಕೈ ಅಡ್ಡ ಹಿಡಿಸುವುದು ಪ್ರಸಾದವನ್ನು ತಿರಸ್ಕರಿಸಿದಂತಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಆದರೆ ಪದಾರ್ಥವು ಪ್ರಸಾದವಾಗುವುದು ಲಿಂಗಕ್ಕೆ ಅರ್ಪಿತವಾಗುವುದರಿಂದಲೇ ಹೊರತು ಅದರಲ್ಲಿರುವ ತುಪ್ಪದಿಂದಲ್ಲ. ಬಪ್ಪೆ ಬೇಳೆ, ಒಣರೊಟ್ಟಿಗಳನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಮಗುವಿಗೆ ಕೊಟ್ಟರೆ ಅದೂ ಪ್ರಸಾದವೇ. ವೈದ್ಯವೃತ್ತಿಯನ್ನೇ ಕಾಯಕ ಮಾಡಿಕೊಂಡ ವೈದ್ಯ ಸಂಗಣ್ಣನಂತಹವರು ಶರಣರ ಸಾಲಿನಲ್ಲಿದ್ದರು. ಪಥ್ಯವನ್ನು ಪಾಲಿಸುವುದು ಭಕ್ತಿಗೆ ವಿರೋಧವೆಂದು ಶರಣಧರ್ಮದ ಹೆಸರಿನಲ್ಲಿ ಹೇಳುವುದು ಸಲ್ಲದು. ಬಡಿಸುವವರಿಗೆ ಮೊದಲೇ ತಿಳಿಸಿ ಮಗುವಿನ ಪಾಲನ್ನು ಬೇರೆ ತೆಗೆಸಿಟ್ಟುಕೊಂಡರೆ ಪಂಕ್ತಿಯಲ್ಲಿಯೇ ಎಲ್ಲರ ಜೊತೆ ಕೂಡ್ರಿಸಬಹುದು. ಬೇರೆ ಊಟವೆಂದರೆ ಬೇರೆ ಮೂಲೆಯೆಂದಾಗಬಾರದು; ಮಕ್ಕಳ ಮನಸ್ಸಿಗೆ ಅದು ರೋಗಕ್ಕಿಂತ ಹೆಚ್ಚು ನೋವುಂಟುಮಾಡುತ್ತದೆ.

ಶಾಲೆಗೂ ಹೇಳಬೇಕು. 2013ರಿಂದ ನಡೆದುಬಂದ ಕ್ಷೀರಭಾಗ್ಯದ ಹಾಲು ಕೆನೆಭರಿತ ಪುಡಿಯದು. ಇತರ ಮಕ್ಕಳಿಗೆ ಹಿತವಾದ ಆ ಲೋಟ ಈ ಮಗುವಿಗೆ ಬೇಡ. ಮುಖ್ಯೋಪಾಧ್ಯಾಯರಿಗೆ ವೈದ್ಯರ ಚೀಟಿಯ ಪ್ರತಿಯೊಂದನ್ನು ಕೊಟ್ಟಿಡುವುದು ಒಳ್ಳೆಯದು.

ಈ ಆಹಾರಕ್ರಮ ಎಷ್ಟು ದಿನ? ಬಹುತೇಕ ಜೀವಮಾನವಿಡೀ. ಆಹಾರವು ನಾಳಗಳ ದೋಷವನ್ನು ಸರಿಪಡಿಸುವುದಿಲ್ಲ, ಅವುಗಳ ಮೇಲಿನ ಭಾರವನ್ನು ಇಳಿಸುತ್ತದೆ ಅಷ್ಟೆ. ಬಾವು ಇಳಿದು ಮಗು ಓಡಾಡತೊಡಗಿದಾಗ “ಈಗ ನೆಟ್ಟಗಾಯಿತಲ್ಲ” ಎಂದು ಅಜ್ಜಿ ಕದ್ದು ಕೊಡುವ ಬೆಣ್ಣೆಯುಂಡೆಯಿಂದ ಸೋರಿಕೆ ಮರಳಿ ಆರಂಭವಾಗಬಹುದು. ಎಲ್ಲ ಮಕ್ಕಳೂ ಪಥ್ಯದಿಂದಲೇ ಸುಧಾರಿಸುತ್ತಾರೆಂದೂ ಹೇಳಲಾಗದು. ಕೆಲವರಿಗೆ ಆಕ್ಟ್ರಿಯೊಟೈಡ್, ಸಿರೋಲಿಮಸ್‌ನಂತಹ ಔಷಧಿಗಳು ಬೇಕಾಗುತ್ತವೆ. ಕರುಳಿನ ಒಂದೇ ತುಂಡಿನಲ್ಲಿ ರೋಗವಿದ್ದರೆ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯುವುದೂ ಉಂಟು. ಬಾವು ತೀವ್ರವಾದಾಗ ಏರಿಸುವ ಆಲ್ಬುಮಿನ್ ಬಾಟಲಿಯ ಪರಿಣಾಮ ಕೆಲದಿನಗಳದು ಮಾತ್ರ. ಪ್ರತಿಕಾಯಗಳು ಸೋರಿಹೋಗುವುದರಿಂದ ಜ್ವರ, ಚರ್ಮದ ಸೋಂಕುಗಳನ್ನು ಉದಾಸೀನ ಮಾಡದೆ ಬೇಗ ತೋರಿಸಬೇಕು, ಲಸಿಕೆಗಳ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಸೋದರಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಇಂತಹ ಬಾವು, ಭೇದಿ, ಹೊಟ್ಟೆನೋವುಗಳಿದ್ದರೆ ಆ ಸಂಗತಿಯನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ಸಿಡಿ 55 ಎಂಬ ಸಸಾರಜನಕವನ್ನು ರೂಪಿಸುವ ವಂಶವಾಹಿಯ ದೋಷದಿಂದ ಇದೇ ಬಗೆಯ ರೋಗ ಬರುವುದೆಂದು 2017ರಲ್ಲಿ ತಿಳಿದುಬಂತು. ತಂದೆತಾಯಿಗಳಿಬ್ಬರಿಂದಲೂ ಆ ದೋಷ ಬಂದಾಗ ಮಾತ್ರ ರೋಗ ತಲೆದೋರುತ್ತದೆ. ಅದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಅದಕ್ಕೆಂದೇ ರೂಪಿಸಿದ ಪೊಜೆಲಿಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಇದು ಬರಿಯ ಪಥ್ಯದಿಂದ ನಿಭಾಯಿಸುವ ರೋಗವಲ್ಲವಾದ್ದರಿಂದ ಭೇದವನ್ನು ಮೊದಲೇ ಗುರುತಿಸುವುದು ಮುಖ್ಯ.

ಹಬ್ಬಗಳ ಬಗ್ಗೆ ತಾಯಂದಿರು ಕೇಳುವ ಪ್ರಶ್ನೆಗೆ ಒಂದೆರಡು ಮಾತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಜೋಳದ ಅಂಬಲಿಯನ್ನು ಕೆನೆರಹಿತ ಮಜ್ಜಿಗೆಯಲ್ಲಿ ಮಾಡಿದರೆ ಮಗು ಹೊಟ್ಟೆತುಂಬ ಕುಡಿಯಬಹುದು. ಭಜ್ಜಿಯಲ್ಲಿ ಕಾಳು, ಕಾಯಿಪಲ್ಲೆಗಳೇ ಹೆಚ್ಚು. ಶೇಂಗಾಪುಡಿ, ಒಗ್ಗರಣೆ ಬೀಳುವ ಮೊದಲೇ ಒಂದು ಬಟ್ಟಲು ತೆಗೆದಿಡಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಬದಲು ಬಿಳಿಜೋಳದ ರೊಟ್ಟಿ ಸಾಕು, ಸಜ್ಜೆಯಲ್ಲಿ ಜೋಳಕ್ಕಿಂತ ಕೊಬ್ಬು ಹೆಚ್ಚು. ಹೋಳಿಗೆಯ ಹೂರಣಕ್ಕೆ ಕಡಲೆಬೇಳೆಗಿಂತ ತೊಗರಿಬೇಳೆ ಒಳ್ಳೆಯದು. ಕಣಕಕ್ಕೆ ಎಣ್ಣೆ ಹಾಕದೆ, ಹಂಚಿನ ಮೇಲೆ ಒಣಗಿಯೇ ಬೇಯಿಸಿ, ಕೆಳಗಿಳಿಸಿದ ಮೇಲೆ ವೈದ್ಯರು ಹೇಳಿದ ಅಳತೆಯ ಎಂಸಿಟಿ ಎಣ್ಣೆಯನ್ನು ಸವರಿ, ಕೆನೆರಹಿತ ಹಾಲಿನೊಡನೆ ಕೊಡಬಹುದು.